ನಾಲ್ಕು ಟೇಪು, ಎರಡು ಸಹಿ: ಬ್ರಿಟನ್ನಿನ ಒಬ್ಬ ಮಲ್ಟಿಮೀಡಿಯಾ ಕಲಾವಿದೆಯ ಪ್ರಕರಣ

2019ರಲ್ಲಿ ಉತ್ತರ ಇಂಗ್ಲೆಂಡಿನ ಒಂದು ಮ್ಯೂಸಿಯಂ ಒಬ್ಬ ಕಲಾವಿದೆಗೆ ಪತ್ರ ಬರೆಯಿತು. ನೀವು 1997ರಲ್ಲಿ ಮಾಡಿದ ವಿಡಿಯೊ ಕೃತಿಯನ್ನು ನಮ್ಮ ಸಂಗ್ರಹಕ್ಕೆ ಕೊಳ್ಳಬೇಕು ಅಂತಿದ್ದೇವೆ, ಮಾತಾಡೋಣವೇ ಅಂತ. ಬದುಕಿರುವ ಕಲಾವಿದರಿಗೆ ಇದಕ್ಕಿಂತ ಒಳ್ಳೆಯ ಪತ್ರ ಬರುವುದಿಲ್ಲ. ಆದರೂ ಕೃತಿ ಮ್ಯೂಸಿಯಂ ಸೇರಲು ಮೂರು ವರ್ಷ ಹಿಡಿಯಿತು. ಬೆಲೆಯ ಚೌಕಾಸಿಯಿಂದ ತಡವಾಗಲಿಲ್ಲ. ತಾವು ಮಾರುತ್ತಿರುವ ವಸ್ತು ಯಾವುದು ಅನ್ನೋದೇ ಮಾರುವವರಿಗೆ ಸ್ಪಷ್ಟ ಇರಲಿಲ್ಲ.

ಆ ಮೂರು ವರ್ಷದ ಬಹುಪಾಲು ನಾನು ಅವರ ಸ್ಟುಡಿಯೊದಲ್ಲಿ ಹಳೆಯ ಟೇಪು, ಫೈಲು, ಕಾಗದಗಳನ್ನು ಜೋಡಿಸುವ ಕೆಲಸ ಮಾಡಿದೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ಕೃತಿಯ ಕೆಲವು ವಿವರ, ಕೆಲವು ಇಸವಿ ಬದಲಿಸಿದ್ದೇನೆ. ಅವರನ್ನು ಕಲಾವಿದೆ ಅಂತಲೇ ಕರೆಯುತ್ತೇನೆ, ಈ ಕೃತಿಗೆ ಧ್ವನಿ ಮಾಡಿಕೊಟ್ಟ ಅವರ ಹಳೆಯ ಜೊತೆಗಾರರನ್ನು ಸಂಗೀತಗಾರ ಅಂತ.

ಹಿನ್ನೆಲೆ

ಕಲಾವಿದೆ ಹುಟ್ಟಿದ್ದು 1970ರಲ್ಲಿ, ಒಂದು ಹಳೆಯ ಗಿರಣಿ ಊರಿನಲ್ಲಿ. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಮಗಳು ಲಂಡನ್ನಿನ ಕಲಾ ಶಾಲೆ ಸೇರಿದರು. ಆಗ ಬ್ರಿಟನ್ನಿನ ವಿದ್ಯಾರ್ಥಿಗಳು ಕೈಯಿಂದ ಕಾಲೇಜು ಫೀಸು ಕಟ್ಟಬೇಕಿರಲಿಲ್ಲ. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಫೀಸು ಬಂತು. 2012ಕ್ಕೆ ಇಂಗ್ಲೆಂಡಿನಲ್ಲಿ ಅದು 9,000ದವರೆಗೆ ಏರಿತು. ಲಾಂಡ್ರಿ ಕೆಲಸದವರ ಮಗಳು ಲಂಡನ್ನಿಗೆ ಹೋಗಿ ವಿಡಿಯೊ ಕಲೆ ಓದುವುದು ಆಗ ಕಷ್ಟವಿತ್ತು, ಆದರೆ ಆಗದ ಮಾತೇನೂ ಆಗಿರಲಿಲ್ಲ.

ಕಾಲವೂ ಅನುಕೂಲವಾಗಿತ್ತು. 1988ರಲ್ಲಿ, ಮುಂದೆ ದೊಡ್ಡ ಹೆಸರು ಮಾಡಿದ ಕಲಾವಿದ ಡೇಮಿಯನ್ ಹರ್ಸ್ಟ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಲಂಡನ್ನಿನ ಹಡಗುಕಟ್ಟೆ ಕಡೆಯ ಖಾಲಿ ಕಟ್ಟಡವೊಂದರಲ್ಲಿ ಗೆಳೆಯರ ಪ್ರದರ್ಶನ ಏರ್ಪಡಿಸಿದ್ದರು. ಗ್ಯಾಲರಿ ಕರೆಯುವವರೆಗೆ ಕಾಯುವ ಅಗತ್ಯ ಇಲ್ಲ ಅಂತ ಒಂದು ಪೀಳಿಗೆಗೆ ಗೊತ್ತಾಯಿತು. ವಿಡಿಯೊಗೂ ಮರ್ಯಾದೆ ಬಂತು. ಬ್ರಿಟನ್ನಿನಲ್ಲಿ ಈ ಕಾಲದ ಕಲೆಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ 1996ರಲ್ಲಿ ಡಗ್ಲಸ್ ಗಾರ್ಡನ್‌ಗೆ, 1997ರಲ್ಲಿ ಗಿಲಿಯನ್ ವೇರಿಂಗ್‌ಗೆ, 1999ರಲ್ಲಿ ಸ್ಟೀವ್ ಮೆಕ್ವೀನ್‌ಗೆ ಹೋಯಿತು. ಮೂವರೂ ಚಲಿಸುವ ಚಿತ್ರದಲ್ಲಿ ಕೆಲಸ ಮಾಡುವವರು.

ಆದರೆ ಮರ್ಯಾದೆ ಬೇರೆ, ಮಾರಾಟ ಬೇರೆ. ಪೇಂಟಿಂಗ್ ಕೊಂಡವರು ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ವಿಡಿಯೊ ಕೊಂಡವರ ಕೈಗೆ ಬರುವುದು ಒಂದು ಟೇಪು. ಅದನ್ನು ಓಡಿಸುವ ಯಂತ್ರ ಹೋದರೆ ಕಥೆ ಮುಗಿಯಿತು. ನಮ್ಮಲ್ಲಿ ಅಟ್ಟದ ಮೇಲಿರುವ ಮದುವೆ ಕ್ಯಾಸೆಟ್ ನೆನೆಸಿಕೊಳ್ಳಿ. ಎಲ್ಲರ ಮನೆಯಲ್ಲೂ ಇದೆ, ಬಿಸಾಡಲು ಮನಸ್ಸು ಬರಲ್ಲ, ನೋಡೋಣ ಅಂದರೆ ವಿಸಿಆರ್ ಇಲ್ಲ. ಅಂಥ ಕ್ಯಾಸೆಟ್ಟಿಗೆ ಸಾವಿರಾರು ಪೌಂಡ್ ಕೊಟ್ಟವರ ಸ್ಥಿತಿ ಹೇಗಿರಬೇಡ.

ಇನ್ನು ಕೃತಿಯ ವಿಷಯ. ಲಾಂಡ್ರಿಯ ರಾತ್ರಿ ಪಾಳಿಯ ನಾಲ್ವರು ಹೆಂಗಸರು. ಒಬ್ಬೊಬ್ಬರೂ ಒಂದೊಂದು ಟಿವಿಯಲ್ಲಿ, ಬಿಳಿ ಬೆಡ್‌ಶೀಟ್ ಮಡಿಸುತ್ತಾ ಇರುತ್ತಾರೆ. ಮಾತಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅದರ ಬದಲು ಯಂತ್ರಗಳ ಗುಂಯ್‌ಗುಡುವಿಕೆ, ಅದರೊಳಗಿನಿಂದ ಎಳೆ ಎಳೆಯಾಗಿ ಎದ್ದು ಬರುವ ಸ್ವರಗಳು. ಚಿತ್ರೀಕರಣ ಹೈ-8 ಕ್ಯಾಮೆರಾದಲ್ಲಿ, ಮಾಸ್ಟರ್, ಅಂದರೆ ಮೂಲ ಪ್ರತಿ, ಟಿವಿ ಕೇಂದ್ರಗಳು ಬಳಸುತ್ತಿದ್ದ ಬೀಟಾಕ್ಯಾಮ್ ಟೇಪಿನಲ್ಲಿ. ಪ್ರದರ್ಶನಕ್ಕೆ ವಿಎಚ್‌ಎಸ್ ಪ್ರತಿ. ಟಿವಿಗಳು ಹ್ಯಾಂಟರೆಕ್ಸ್ ಅನ್ನುವ ಇಟಲಿಯ ಪೆಟ್ಟಿಗೆ ಮಾನಿಟರ್‌ಗಳು. ಆಗ ಬ್ರಿಟನ್ನಿನ ಎಷ್ಟೋ ಗ್ಯಾಲರಿಗಳಲ್ಲಿ ಅವೇ ಇದ್ದವು. ಅವನ್ನು ನೇರ ನೆಲದ ಮೇಲೆ ಇಟ್ಟಿದ್ದರು. ನಿಂತು ನೋಡಿದರೆ ಹೆಂಗಸರ ಮುಖ ಸರಿಯಾಗಿ ಕಾಣುವುದಿಲ್ಲ. ಮುಖ ನೋಡಬೇಕಾದರೆ ಬಗ್ಗಬೇಕು ಅಥವಾ ಕೂರಬೇಕು.

ನಾಲ್ಕು ಟೇಪುಗಳ ಉದ್ದ ಬೇರೆ ಬೇರೆ: 17, 19, 22, 23 ನಿಮಿಷ. ಟೇಪು ಮುಗಿದಾಗ ವಿಸಿಆರ್ ತಾನೇ ರಿವೈಂಡ್ ಮಾಡಿಕೊಳ್ಳುತ್ತಿತ್ತು. ಸುಮಾರು ಒಂದು ನಿಮಿಷ ಆ ಪರದೆ ನೀಲಿಯಾಗಿ, ಅದರ ಸದ್ದು ನಿಂತು, ಉಳಿದ ಮೂರು ಟಿವಿಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ಈ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮುಖ್ಯವಾಗುತ್ತದೆ.

ಕೃತಿಗೆ ಹೆಸರು ಬಂತು. 2001ರಲ್ಲಿ ಲಂಡನ್ನಿನ ಒಂದು ಸಣ್ಣ ಗ್ಯಾಲರಿ ಕಲಾವಿದೆಯ ಕೈ ಹಿಡಿಯಿತು. ವಿಡಿಯೊ ಮಾರುವ ಕ್ರಮ ಆಗಲೇ ನೆಲೆಯೂರಿತ್ತು. ಒಂದು ಕೃತಿಗೆ ಮೂರೋ ಐದೋ ಪ್ರತಿ ಮಾತ್ರ ಅಂತ ನಿಗದಿ ಮಾಡುತ್ತಾರೆ, ಅದಕ್ಕೆ ಎಡಿಶನ್ ಅಂತಾರೆ. ಕಲಾವಿದರ ಕೈಯಲ್ಲಿ ಒಂದೆರಡು ಹೆಚ್ಚಿನ ಪ್ರತಿ ಇರುತ್ತವೆ. ಪ್ರತಿ ಕೊಂಡವರಿಗೆ ಸಹಿ ಮಾಡಿದ ಪ್ರಮಾಣಪತ್ರ. ಫೈಲನ್ನು ಯಾರು ಬೇಕಾದರೂ ಕಾಪಿ ಮಾಡಬಹುದಲ್ವಾ? ಹಾಗಾಗಿ ಬೆಲೆ ಇರುವುದು ಆ ಕಾಗದಕ್ಕೆ. ಈ ಗ್ಯಾಲರಿ ಬಾಯಿಮಾತಿನಲ್ಲೇ ವ್ಯವಹಾರ ಮಾಡುತ್ತಿತ್ತು. ಡಿವಿಡಿ ಒಂದು ಕವರಿನಲ್ಲಿ, ಬಿಲ್ಲು ಇನ್ನೊಂದರಲ್ಲಿ, ಪ್ರಮಾಣಪತ್ರ ಆಮೇಲೆ ಕಳಿಸ್ತೀವಿ ಅನ್ನುವ ಭರವಸೆ. 2009ರಲ್ಲಿ, ಆರ್ಥಿಕ ಕುಸಿತದ ಹೊಡೆತಕ್ಕೆ, ಅದು ಬಾಗಿಲು ಹಾಕಿತು. ದಾಖಲೆಗಳು ಎಲ್ಲಿ ಹೋದವೋ.

ಅಲ್ಲಿಂದ ಮುಂದಿನ ಹತ್ತು ವರ್ಷ ಬೇಗ ಹೇಳಿ ಮುಗಿಸಬಹುದು. ಕಲಾವಿದೆ ವಾರಕ್ಕೆ ಎರಡು ದಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಉಳಿದ ದಿನ ಕೆಲಸ ಮಾಡಿದರು. ಆಗಾಗ ಹೊಸ ಕೃತಿ ಮಾಡಿಕೊಡಿ ಅನ್ನುವ ಬೇಡಿಕೆ ಬಂತು. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ಕಿನಲ್ಲಿದ್ದ ಸ್ಟುಡಿಯೊದ ಬಾಡಿಗೆ 2012ರ ಒಲಿಂಪಿಕ್ಸ್ ಆದ ಮೇಲೆ ಕೈಗೆಟುಕದೆ ಹೋಯಿತು. ಟೇಪುಗಳು ಮೊದಲು ಗೆಳತಿಯ ಗ್ಯಾರೇಜು, ಆಮೇಲೆ ತಮ್ಮನ ಮನೆಯ ನೆಲಮಾಳಿಗೆ ಸೇರಿದವು. ಟರ್ನರ್ ಪ್ರಶಸ್ತಿಗೆ 1991ರಿಂದ ಇದ್ದ 50 ವರ್ಷದ ವಯೋಮಿತಿಯನ್ನು 2017ರಲ್ಲಿ ತೆಗೆದರು. ಆ ವರ್ಷವೇ 63ರ ಲುಬೈನಾ ಹಿಮಿಡ್ ಅದನ್ನು ಗೆದ್ದರು. ನಮ್ಮ ಕಲಾವಿದೆಗೆ ಆಗ 47. ಹಿಂದಿನ ಪೀಳಿಗೆಯ, ಅದರಲ್ಲೂ ಹೆಂಗಸರ ಕೆಲಸವನ್ನು ಮ್ಯೂಸಿಯಂಗಳು ಮತ್ತೆ ಹುಡುಕಲು ಶುರುಮಾಡಿದ್ದ ಕಾಲ ಅದು. ಪತ್ರ ಬಂದದ್ದು ಆ ಗಾಳಿಯಲ್ಲೇ.

ಮ್ಯೂಸಿಯಂ ಕೇಳಿದ್ದು

ಮ್ಯೂಸಿಯಂ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಒಳ್ಳೆಯ ಗುಣಮಟ್ಟದ ಮಾಸ್ಟರ್ ಫೈಲ್ ಕೊಡಿ. ಎಷ್ಟು ಪ್ರತಿ ಇವೆ, ಯಾರ ಬಳಿ ಇವೆ ಹೇಳಿ. ಚಿತ್ರದ, ಧ್ವನಿಯ ಹಕ್ಕು ನಿಮ್ಮದು ಅಂತ ತೋರಿಸಿ. ಕೃತಿಯಲ್ಲಿ ಕಾಣುವ ಹೆಂಗಸರ ಒಪ್ಪಿಗೆ ಪತ್ರ ಇದೆಯೇ? ಹೇಗೆ ಜೋಡಿಸಬೇಕು, ಈ ಟಿವಿಗಳು ಸತ್ತ ಮೇಲೆ ಏನು ಮಾಡಬೇಕು, ಬರೆದುಕೊಡಿ.

ಬ್ರಿಟನ್ನಿನ ದೊಡ್ಡ ಸಂಗ್ರಹಾಲಯಗಳಿಗೆ ಇವು ಹಳೆಯ ಪ್ರಶ್ನೆಗಳು. ಟೇಟ್‌ನಲ್ಲಿ ಇಂಥ ಕೃತಿಗಳ ಸಂರಕ್ಷಣೆಗೇ ಒಂದು ವಿಭಾಗ ಇದೆ. ಟೇಟ್, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ (ಮೋಮಾ), ಸ್ಯಾನ್‌ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂ ಸೇರಿ ಕೊಳ್ಳುವ, ಎರವಲು ಕೊಡುವ ಪತ್ರಗಳ ಮಾದರಿಗಳನ್ನೇ ತಯಾರಿಸಿ ಎಲ್ಲರಿಗೂ ಬಿಟ್ಟುಕೊಟ್ಟಿವೆ. ಆದರೆ 1997ರಲ್ಲಿ ಇಪ್ಪತ್ತೇಳರ ಹುಡುಗಿಯೊಬ್ಬಳಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕಲಾವಿದೆಯ ಕೈಯಲ್ಲಿ ಇದ್ದದ್ದು ಟೇಪುಗಳು, ನೆಗಡಿ ಬರಿಸುವಷ್ಟು ಬೂಷ್ಟು ಹಿಡಿದ ರಟ್ಟಿನ ಡಬ್ಬಗಳು, ಮತ್ತು ತಮ್ಮ ನೆನಪು.

ಮೊದಲ ಪ್ರಯತ್ನ

ಕಲಾವಿದೆ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಟೇಪು ಡಿಜಿಟಲ್ ಮಾಡಿಕೊಡುವ ಒಂದು ಅಂಗಡಿಗೆ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ರೇಟು ಕಡಿಮೆ, ಕೆಲಸ ಬೇಗ. ಬಂದ ಫೈಲುಗಳನ್ನು ತೆರೆದಾಗ ಮೊದಲ ನೋಟಕ್ಕೆ ಚೆನ್ನಾಗೇ ಕಂಡವು. ಆಮೇಲೆ ಒಂದೊಂದೇ ತಪ್ಪು ಹೊರಬಿತ್ತು.

ಹಳೆಯ ಟಿವಿಯ ಚೌಕ ಚಿತ್ರವನ್ನು ಈಗಿನ ಅಗಲ ಪರದೆಗೆ ಹೊಂದಿಸಲು ಮೇಲೂ ಕೆಳಗೂ ಕತ್ತರಿಸಿದ್ದರು. ಮಡಿಸುವ ಕೈಗಳು ಅರ್ಧ ಹೋಗಿದ್ದವು. ಎರಡನೆಯದು ಇನ್ನೂ ಸೂಕ್ಷ್ಮ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಬಳಕೆಯಲ್ಲಿದ್ದ ಪಾಲ್ ವಿಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ. ಆದರೆ ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ, ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಬರುತ್ತದೆ. ಅಂದರೆ ಚಲನೆ ಸೆಕೆಂಡಿಗೆ 50 ಸಲ ದಾಖಲಾಗಿರುತ್ತದೆ. ಅಂಗಡಿಯವರು ಅದನ್ನು 25ಕ್ಕೆ ಇಳಿಸಿ, ಕುಗ್ಗಿಸಿ, ಎಂಪಿ4 ಮಾಡಿದ್ದರು. ಹೆಂಗಸು ಬೆಡ್‌ಶೀಟನ್ನು ಗಾಳಿಯಲ್ಲಿ ಝಾಡಿಸುವಾಗ ಮೂಲದಲ್ಲಿ ಅದು ನೀರಿನ ಹಾಗೆ ಇಳಿಯುತ್ತದೆ. ಇದರಲ್ಲಿ ತಡವರಿಸಿ ತಡವರಿಸಿ ಬೀಳುತ್ತಿತ್ತು, ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಾಲ್ಕು ಪರದೆಯ ಕೃತಿ ಅಂದರೆ ನಾಲ್ಕೂ ಒಟ್ಟಿಗೆ ಓಡಬೇಕು ಅಂತ ತಾವೇ ತೀರ್ಮಾನ ಮಾಡಿ, ನಾಲ್ಕು ಫೈಲನ್ನೂ 17 ನಿಮಿಷಕ್ಕೆ ಕತ್ತರಿಸಿ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ, ಅಚ್ಚುಕಟ್ಟಾಗಿರಲಿ ಅಂತ.

ಮೂಲ ಟೇಪುಗಳು ವಾಪಸು ಬಂದದ್ದು ಪುಣ್ಯ. ಕೆಲಸವನ್ನು ಮತ್ತೆ ಮೊದಲಿಂದ ಮಾಡಿಸಬೇಕಾಯಿತು. ಈ ಸಲ ಬೀಟಾಕ್ಯಾಮ್ ಯಂತ್ರವನ್ನು ಇನ್ನೂ ಸುಸ್ಥಿತಿಯಲ್ಲಿ ಇಟ್ಟಿರುವವರ ಹತ್ತಿರ, ಕುಗ್ಗಿಸದ ಫೈಲಾಗಿ, ಅರ್ಧ ಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು. ಒಂದು ಟೇಪಿನ ಕೊನೆಯ ಭಾಗದಲ್ಲಿ ಚಿತ್ರ ಅಲ್ಲಲ್ಲಿ ಉದುರಿಹೋಗಿತ್ತು. ಅದನ್ನು ತಿದ್ದಲಿಲ್ಲ, ಎಲ್ಲೆಲ್ಲಿ ಅಂತ ಬರೆದಿಟ್ಟೆವು.

ದುಡ್ಡಿನ ಮಾತು. ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ 2018ರಲ್ಲಿ ಕಲಾವಿದರ ಬೆಳವಣಿಗೆಗೆ ಅಂತ ಒಂದು ಅನುದಾನ ಶುರುಮಾಡಿತ್ತು, 2,000ದಿಂದ 10,000 ಪೌಂಡ್‌ವರೆಗೆ. ಕಲಾವಿದೆ ಅರ್ಜಿಯಲ್ಲಿ ಹಳೆಯ ಟೇಪು ಉಳಿಸಬೇಕು ಅಂತ ಬರೆದರು. ತಿರಸ್ಕಾರವಾಯಿತು. ಅದು ಮುಂದಿನ ಹೆಜ್ಜೆಗೆ ಕೊಡುವ ಹಣ, ಹಿಂದಿನದನ್ನು ಕಾಪಾಡಲು ಅಲ್ಲ. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಕೌನ್ಸಿಲ್ ತನ್ನ ಮಾಮೂಲಿ ಯೋಜನೆಗಳನ್ನು ತಡೆಹಿಡಿದು ತುರ್ತು ಹಣ ಕೊಟ್ಟಿತು, ಒಬ್ಬರಿಗೆ ಹೆಚ್ಚೆಂದರೆ 2,500 ಪೌಂಡ್. ಆ ವರ್ಷ ಬಾಡಿಗೆ ಕಟ್ಟಿದ್ದು ಅದರಲ್ಲೇ. ಬಾಗಿಲು ಮತ್ತೆ ತೆರೆದಾಗ ಅರ್ಜಿಯನ್ನು ತಿರುಗಿಸಿ ಬರೆದರು. ಹಳೆಯ ಕೃತಿಯನ್ನು ಹೊಸ ಯಂತ್ರದಲ್ಲಿ ತೋರಿಸುವುದು ಹೇಗೆ ಅನ್ನುವ ಪ್ರಯೋಗಕ್ಕೆ ಸಮಯ ಬೇಕು, ಇದರಿಂದ ನನ್ನ ಮುಂದಿನ ಕೆಲಸದ ರೀತಿ ಬದಲಾಗುತ್ತದೆ ಅಂತ. ಮಾಡುವ ಕೆಲಸ ಅದೇ. ಈ ಸಲ ಸಿಕ್ಕಿತು. ಇದನ್ನು ಜಾಣತನ ಅಂತ ನಗಬೇಡಿ. ಹಾಗೆ ಬರೆಯಲು ಕೂತಾಗಲೇ ಅವರಿಗೆ ಮೊದಲ ಸಲ ಕೃತಿಯಲ್ಲಿ ಏನು ಬದಲಾಗಬಹುದು, ಏನು ಬದಲಾಗಬಾರದು ಅನ್ನುವ ಪ್ರಶ್ನೆ ಎದುರಾಯಿತು.

ಸಿಂಕ್ ಬೇಡ ಅಂದವರು ಯಾರು?

ಮ್ಯೂಸಿಯಂನ ಸಂರಕ್ಷಕಿ ಕೇಳಿದ ಸರಳ ಪ್ರಶ್ನೆ ಇದು: ನಾಲ್ಕೂ ಪರದೆ ಸಿಂಕ್ ಆಗಿರಬೇಕೇ, ಅಂದರೆ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯಬೇಕೇ, ಬೇಡವೇ? ಈಗಿನ ಬ್ರೈಟ್‌ಸೈನ್‌ನಂಥ ಪುಟ್ಟ ಪ್ಲೇಯರ್‌ಗಳಲ್ಲಿ ನಾಲ್ಕನ್ನೂ ಒಂದೇ ತಾಳಕ್ಕೆ ಕಟ್ಟುವುದು ಏನೇನೂ ಕಷ್ಟವಲ್ಲ. 1997ರಲ್ಲಿ ಅದಕ್ಕೆ ಬೇರೆಯೇ ಸಲಕರಣೆ ಬೇಕಿತ್ತು, ಅದಕ್ಕೆ ದುಡ್ಡು ಬೇಕಿತ್ತು.

"ಆಗ ಕೈಯಲ್ಲಿ ಕಾಸಿರಲಿಲ್ಲ, ಅದಕ್ಕೇ ಸಿಂಕ್ ಮಾಡಲಿಲ್ಲ" ಅಂತ ಕಲಾವಿದೆ ಹೇಳಿದರು. ಹಾಗಾದರೆ ಈಗ ಮಾಡೋಣವಾ ಅಂದರೆ, ಬೇಡ ಅಂದರು. ಯಾಕೆ ಅಂದರೆ ಸುಮ್ಮನಾದರು.

ಉತ್ತರ ಸಿಕ್ಕಿದ್ದು ಒಂದು ಡಬ್ಬದಲ್ಲಿ. ವಿದ್ಯುತ್ ಬಿಲ್ಲು, ಪ್ರದರ್ಶನದ ಆಹ್ವಾನ ಪತ್ರಿಕೆಗಳ ನಡುವೆ ಒಂದು ಜೆರಾಕ್ಸ್ ಇತ್ತು. ಫ್ಯಾಕ್ಸ್ ಕಾಗದ ಬಿಸಿಲಿಗೆ, ಬಿಸಿಗೆ ಮಾಸಿ ಬಿಳಿಚಿಕೊಂಡು ಹೋಗುತ್ತದೆ. ಪುಣ್ಯಕ್ಕೆ ಯಾರೋ ಇದನ್ನು ಆಗಲೇ ಜೆರಾಕ್ಸ್ ಮಾಡಿಟ್ಟಿದ್ದರು. ಸಂಗೀತಗಾರ ಮೊದಲ ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ಕಳಿಸಿದ್ದ ಫ್ಯಾಕ್ಸ್ ಅದು. ಕೈಯಲ್ಲಿ ಎಳೆದ ನಾಲ್ಕು ಗೆರೆ, ನಾಲ್ಕು ಉದ್ದ. ಒಂದೊಂದು ಗೆರೆಯ ಕೊನೆಯಲ್ಲೂ ಸಣ್ಣ ಖಾಲಿ ಚೌಕ. ಪಕ್ಕದಲ್ಲಿ ಬರೆದಿದ್ದರು: ಕಾಸು ಸಿಕ್ಕರೂ ಸಿಂಕ್ ಮಾಡಬೇಡ, ಒಂದು ನಿಂತಾಗ ಉಳಿದ ಮೂರು ಕೇಳಿಸಲಿ.

ಅಂದರೆ ಆ ಒಂದು ನಿಮಿಷದ ರಿವೈಂಡ್ ಮೌನ ಯಂತ್ರದ ಕೊರತೆಯಾಗಿ ಉಳಿದಿರಲಿಲ್ಲ, ಕೃತಿಯ ಭಾಗವಾಗಿತ್ತು. ನಾಲ್ಕು ಸದ್ದುಗಳನ್ನೂ ಸಂಗೀತಗಾರ ಆ ಮೌನವನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದರು. ಲಾಂಡ್ರಿಯಲ್ಲಿ ಎಲ್ಲ ಯಂತ್ರವೂ ಒಟ್ಟಿಗೆ ನಿಲ್ಲುವುದಿಲ್ಲ, ಕೆಲಸ ಮುಗಿಯಿತು ಅನ್ನುವ ಗಳಿಗೆ ಬರುವುದೇ ಇಲ್ಲ. ನೋಡಿದವರು ಇಪ್ಪತ್ತು ವರ್ಷದ ಮೇಲೂ ನೆನಪಿಟ್ಟುಕೊಂಡದ್ದು ಇದನ್ನೇ.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಈ ಜೆರಾಕ್ಸ್. ಕಲಾವಿದೆಗೆ ಇದು ಸಿಹಿಯಾಗಿರಲಿಲ್ಲ. ಕೃತಿಯ ಬೆನ್ನೆಲುಬಿನಂಥ ಒಂದು ತೀರ್ಮಾನ ತಮ್ಮದಲ್ಲ ಅಂತ ಅದರಿಂದ ಗೊತ್ತಾಯಿತು. ಜೊತೆಗೆ ಹಕ್ಕಿನ ಪ್ರಶ್ನೆಯೂ ಗಂಭೀರವಾಯಿತು. ಬ್ರಿಟನ್ನಿನ 1988ರ ಕಾಪಿರೈಟ್ ಕಾಯಿದೆ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಅದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಇಲ್ಲಿ ಬರಹವೂ ಇಲ್ಲ, ಸಹಿಯೂ ಇಲ್ಲ. ಸಂಗೀತದ ಹಕ್ಕು ಸಂಗೀತಗಾರನ ಬಳಿಯೇ ಇತ್ತು. ಇಬ್ಬರೂ 2002ರಲ್ಲಿ ಜಗಳವಾಡಿ ಮಾತು ಬಿಟ್ಟಿದ್ದರು.

ಮೂರು ದಾರಿ

ಗೆಳೆಯರೊಬ್ಬರು ಸುಲಭದ ದಾರಿ ತೋರಿಸಿದರು. ಹೊಸ ಧ್ವನಿ ಹಾಕಿಸಿ, ಹಳೆಯದರ ಗೊಡವೆಯೇ ಬೇಡ. ಒಬ್ಬ ಯುವ ಸೌಂಡ್ ಡಿಸೈನರ್ ಕೈಯಲ್ಲಿ ಮಾಡಿಸಿಯೂ ನೋಡಿದರು. ಸ್ವಚ್ಛವಾಗಿತ್ತು, ಚೆನ್ನಾಗೂ ಇತ್ತು. ಅದನ್ನು ಹಾಕಿ ನೋಡಿದರೆ ನಾಲ್ವರು ಹೆಂಗಸರು ಯಾವುದೋ ಜಾಹೀರಾತಿನಲ್ಲಿ ಬಟ್ಟೆ ಮಡಿಸುತ್ತಿರುವ ಹಾಗೆ ಕಾಣುತ್ತಿದ್ದರು. ಅರ್ಧಕ್ಕೇ ನಿಲ್ಲಿಸಿದರು.

ಎರಡನೆಯದು, ಸಂಗೀತಗಾರನಿಗೆ ಒಂದಿಷ್ಟು ಹಣ ಕೊಟ್ಟು ಬಳಕೆಯ ಅನುಮತಿ ಪಡೆಯುವುದು. ಕಲಾವಿದೆ ಇದಕ್ಕೆ ಒಪ್ಪಿ ಪತ್ರ ಬರೆದರು. ಉತ್ತರ ಚಿಕ್ಕದಾಗಿ ಬಂತು. ಹಣ ಬೇಡ, ಗೋಡೆಯ ಮೇಲಿನ ಚೀಟಿಯಲ್ಲಿ ನನ್ನ ಹೆಸರು 'ಸಂಗೀತ' ಅನ್ನುವ ಪದದ ಮುಂದೆ ಅಲ್ಲ, ನಿನ್ನ ಹೆಸರಿನ ಪಕ್ಕದಲ್ಲಿ ಬರಬೇಕು ಅಂತ.

ಅದೇ ಮೂರನೆಯ ದಾರಿ. ಇಲ್ಲಿ ಕಲಾವಿದೆ ತಿಂಗಳುಗಟ್ಟಲೆ ತಡೆದರು. ಹೊರಗಿನಿಂದ ನೋಡಿದರೆ ಹಟ ಅನ್ನಿಸಬಹುದು. ಅವರ ಕಡೆಯಿಂದ ನೋಡಿ. 1990ರ ದಶಕದಲ್ಲಿ ಕ್ಯಾಮೆರಾ ಹಿಡಿದ ಹೆಂಗಸಿಗೆ ಪ್ರತಿ ಪ್ರದರ್ಶನದಲ್ಲೂ ಎದುರಾಗುತ್ತಿದ್ದ ಪ್ರಶ್ನೆ, ಟೆಕ್ನಿಕಲ್ ಕೆಲಸ ಯಾರು ಮಾಡಿಕೊಟ್ಟರು ಅನ್ನೋದು. ಇದು ಅವರ ತಾಯಿಯ ಲಾಂಡ್ರಿ, ತಾಯಿಯ ಪಾಳಿ. ಆ ನಾಲ್ವರಲ್ಲಿ ಒಬ್ಬರು ತಾಯಿಯೇ. ಆ ಕೃತಿಯ ಮೇಲೆ ಒಬ್ಬ ಗಂಡಸಿನ ಹೆಸರು ಈಗ ಸೇರಿದರೆ, ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ಸುಳ್ಳಾಗುತ್ತದಲ್ಲ ಅನ್ನುವ ಭಯ. ಇನ್ನೊಂದು ಲೆಕ್ಕವೂ ಇತ್ತು. ಇದಕ್ಕೆ ಒಪ್ಪಿದರೆ ಇಬ್ಬರೂ ಕೂಡಿ ಕೆಲಸ ಮಾಡಿದ್ದ ಬೇರೆ ಕೃತಿಗಳ ಗತಿ?

ಇತ್ಯರ್ಥ ಮಾಡಿದ್ದು ಮ್ಯೂಸಿಯಂನ ಪ್ರಯೋಗ ಕೋಣೆ. ಒಂದು ಕಡೆ ಎರಡು ಹಳೆಯ ಹ್ಯಾಂಟರೆಕ್ಸ್, ಇನ್ನೊಂದು ಕಡೆ ಅದೇ ಅಳತೆಯ ಎಲ್‌ಸಿಡಿ. ಫೈಲುಗಳ ಕೊನೆಗೆ ಒಂದು ನಿಮಿಷದ ನೀಲಿ ಸೇರಿಸಿ, ಸಿಂಕ್ ಇಲ್ಲದೆ ಓಡಿಸಿದೆವು. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಬೆಡ್‌ಶೀಟಿನ ಬಿಳಿ ಹಾಲಿನ ಹಾಗೆ ಹೊರಗೆ ಚೆಲ್ಲುತ್ತಿತ್ತು. ಎಲ್‌ಸಿಡಿಯಲ್ಲಿ ಅದೇ ಬಿಳಿ ನೀಲಿಗೆ ತಿರುಗಿ, ಕಾಗದದಷ್ಟು ಚಪ್ಪಟೆ. ನಾವೆಲ್ಲ ಟ್ಯೂಬೇ ಬೇಕು ಅಂತ ವಾದಿಸಿದೆವು. ಕಲಾವಿದೆ ಮಾತ್ರ ಎಲ್‌ಸಿಡಿಯನ್ನೂ ನೆಲಕ್ಕೆ ಇಳಿಸಿ, ಒಂದು ಮರದ ಪೆಟ್ಟಿಗೆಯೊಳಗೆ ಹುದುಗಿಸಿ, ಪಕ್ಕದಲ್ಲಿ ಕೂತು ನೋಡಿದರು. ಬಣ್ಣ ಸರಿಮಾಡಿಸಿದರು. ಒಂದು ಪರದೆ ನೀಲಿಯಾಗಿ ಮೌನವಾದಾಗ, ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ಬೇರೆ ಪರದೆಗಳ ಕಡೆ ತಿರುಗಿದೆವು. ಅದನ್ನು ಗಮನಿಸಿದ್ದು ಅವರೇ. "ನೋಡಿದಿರಾ, ಟಿವಿ ಬದಲಾದರೂ ನಡೆಯುತ್ತೆ, ಈ ನಿಲ್ಲುವುದು ಹೋದರೆ ನಡೆಯಲ್ಲ" ಅಂದರು.

ಅವತ್ತು ಅವರು ಬರೆದದ್ದು ಇಷ್ಟೇ. ಪರದೆ ನೆಲದ ಮೇಲಿರಬೇಕು, ನೋಡುವವರು ಬಗ್ಗಬೇಕು. ಚಲನೆ ಸೆಕೆಂಡಿಗೆ 50 ಆಗಿಯೇ ಕಾಣಬೇಕು. ನಾಲ್ಕರ ಉದ್ದವೂ ಬೇರೆ, ಕೊನೆಯ ಮೌನ ಇರಲೇಬೇಕು. ಟ್ಯೂಬಿನ ಟಿವಿ ಇರುವವರೆಗೆ ಟ್ಯೂಬು, ಆಮೇಲೆ ಯಾವುದಾದರೂ ಸರಿ, ಆದರೆ ಪೆಟ್ಟಿಗೆಯ ಆಳ ಕಾಣಬೇಕು, ಗೋಡೆಗೆ ಹಾಕಬಾರದು. ವಿಶ್ವವಿದ್ಯಾಲಯದಲ್ಲಿದ್ದಾಗ ಸಂಶೋಧನಾ ಮೌಲ್ಯಮಾಪನಕ್ಕೆ ಪ್ರತಿ ಕೃತಿಗೂ 300 ಪದದ ಟಿಪ್ಪಣಿ ಬರೆದು ಬರೆದು ಬೇಸತ್ತಿದ್ದವರು ಅವರು. ಆ ಅಭ್ಯಾಸ ಇಲ್ಲಿ ಕೈ ಹಿಡಿಯಿತು ಅಂತ ನನ್ನ ಅನಿಸಿಕೆ.

ಹೀಗೆ ಬರೆದ ಮೇಲೆ ಹೆಸರಿನ ವಾದಕ್ಕೆ ಜಾಗವೇ ಉಳಿಯಲಿಲ್ಲ. ಬಿಡಲಾಗದ ನಾಲ್ಕು ಸಂಗತಿಗಳಲ್ಲಿ ಒಂದು ಸಂಗೀತಗಾರನದು ಅಂತ ಅವರೇ ಬರೆದಾಗಿತ್ತು. ಕೃತಿ ಇಬ್ಬರದು ಅಂತ ಒಪ್ಪಂದವಾಯಿತು. ಕಲಾವಿದೆಯ ಹೆಸರು ಮೊದಲು, ಸಂಗೀತಗಾರನದು ಆಮೇಲೆ. ಚಿತ್ರದ ಹಕ್ಕು ಕಲಾವಿದೆಯದು, ಧ್ವನಿಯದು ಸಂಗೀತಗಾರನದು, ಪ್ರದರ್ಶನಕ್ಕೆ ಮ್ಯೂಸಿಯಂಗೆ ಇಬ್ಬರೂ ಅನುಮತಿ ಕೊಟ್ಟರು. ಹಣದ ಪಾಲು ಸಮವಲ್ಲ, ಅದಕ್ಕೆ ಇಬ್ಬರೂ ಒಪ್ಪಿದರು.

ಹೆಂಗಸರ ಒಪ್ಪಿಗೆಯ ವಿಷಯ ಬೇರೆ ರೀತಿ ಬಗೆಹರಿಯಿತು. ತಾಯಿ ತೀರಿಕೊಂಡಿದ್ದರು, ಇನ್ನಿಬ್ಬರೂ ಇರಲಿಲ್ಲ. ಬದುಕಿದ್ದ ಒಬ್ಬರು ಕಾಗದಕ್ಕೆ ಸಹಿ ಹಾಕಿ, ನಾನು ಆಗ ಸಂಬಳ ಸಾಲದು ಅಂತ ಬೈತಿದ್ದೆ, ಅದು ಕೇಳಿಸಲ್ಲ ತಾನೇ ಅಂತ ಖಚಿತಪಡಿಸಿಕೊಂಡರು. ಉಳಿದವರ ಮಕ್ಕಳನ್ನು ಊರಿಗೆ ಹೋಗಿ ಭೇಟಿ ಮಾಡಿ, ಕೃತಿ ತೋರಿಸಿ ಒಪ್ಪಿಗೆ ಪಡೆದರು.

ಎಡಿಶನ್ ಗೊಂದಲ

ಗ್ಯಾಲರಿ ಎಷ್ಟು ಪ್ರತಿ ಮಾರಿತ್ತು? ಅಲ್ಲಿ ಹಿಂದೆ ಕೆಲಸ ಮಾಡಿದವರೊಬ್ಬರ ನೆನಪಿನಿಂದ ಇಬ್ಬರು ಕೊಂಡವರ ಗುರುತು ಸಿಕ್ಕಿತು. ಒಬ್ಬರ ಬಳಿ ಇದ್ದ ಡಿವಿಡಿ ಓಡುತ್ತಲೇ ಇರಲಿಲ್ಲ. ಕಲಾವಿದೆ ಅವರಿಗೆ ಹೊಸ ಫೈಲು, ಜೋಡಣೆಯ ಸೂಚನೆ, ಸಹಿ ಮಾಡಿದ ಪ್ರಮಾಣಪತ್ರವನ್ನು ಪುಕ್ಕಟೆ ಕೊಟ್ಟರು. ಬದಲಿಗೆ, 'ನನ್ನ ಬಳಿ ಇರುವುದು ಎಡಿಶನ್ನಿನ ಒಂದನೇ ಪ್ರತಿ' ಅಂತ ಅವರಿಂದ ಬರಹದಲ್ಲಿ ಪಡೆದರು. ಪುಕ್ಕಟೆ ಯಾಕೆ ಅಂತ ನಾನು ಕೇಳಿದ್ದೆ. ಆ ಒಂದು ಕಾಗದ ಇಲ್ಲದಿದ್ದರೆ ಮ್ಯೂಸಿಯಂ ಮುಂದೆ ಹೋಗುತ್ತಿರಲಿಲ್ಲ. ಲೆಕ್ಕ ಹಾಕಿದರೆ ಅಗ್ಗವೇ. ಇನ್ನೊಬ್ಬರು ಪತ್ರಗಳಿಗೆ ಉತ್ತರಿಸಲೇ ಇಲ್ಲ. ಅವರದು ಎರಡನೇ ಪ್ರತಿ ಅಂತ ದಾಖಲಿಸಿ, ಮೂರನೆಯದನ್ನು ಮ್ಯೂಸಿಯಂಗೆ ಇಟ್ಟು, ಎಡಿಶನ್ ಮೂರಕ್ಕೇ ಮುಗಿಯಿತು ಅಂತ ಘೋಷಿಸಿದರು. ಕಲಾವಿದೆಯ ಬಳಿ ಒಂದು ಪ್ರತಿ.

ಮುಂದೆ ಈ ಪ್ರತಿಗಳು ಮರುಮಾರಾಟವಾದರೆ ಕಲಾವಿದೆಗೆ ಪಾಲು ಸಿಗುತ್ತದೆಯೇ ಅಂತಲೂ ನೋಡಿದೆವು. ಬ್ರಿಟನ್ನಿನಲ್ಲಿ 2006ರಿಂದ ಮರುಮಾರಾಟದ ಹಕ್ಕು ಇದೆ. ಆದರೆ ಆ ನಿಯಮದಲ್ಲಿ ಉದಾಹರಣೆಯಾಗಿ ಹೆಸರಿಸಿರುವುದು ಚಿತ್ರ, ಮುದ್ರಣ, ಶಿಲ್ಪ, ಫೋಟೊ, ಗಾಜಿನ ವಸ್ತು, ನೇಯ್ದ ಚಿತ್ರಪರದೆಯಂಥವನ್ನು. ವಿಡಿಯೊ ಹೆಸರಿಲ್ಲ. ಆ ಆಸೆಯನ್ನು ಲೆಕ್ಕದಿಂದ ತೆಗೆದಿಟ್ಟೆವು.

ಉಳಿಸದೆ ಬಿಟ್ಟದ್ದು

2003ರಲ್ಲಿ ಅವರು ಫ್ಲ್ಯಾಶ್‌ನಲ್ಲಿ, ಅಂದರೆ ವೆಬ್ ಪುಟದಲ್ಲಿ ಚಲಿಸುವ ಚಿತ್ರ ತೋರಿಸುವ ಹಳೆಯ ತಂತ್ರಾಂಶದಲ್ಲಿ, ಒಂದು ವೆಬ್ ಕೃತಿ ಮಾಡಿದ್ದರು. ಬಂದವರು ತಾವು ಕಳೆದುಕೊಂಡ ಒಂದು ವಸ್ತುವಿನ ಬಗ್ಗೆ ಒಂದು ಸಾಲು ಟೈಪ್ ಮಾಡಿದರೆ, ಆ ಸಾಲು ಬೇರೆಯವರ ಸಾಲುಗಳ ನಡುವೆ ತೇಲುತ್ತಿತ್ತು. ಅದರ ಒಡೆತನದ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ನಿಲ್ಲಿಸಿತು, ಹನ್ನೆರಡು ದಿನದ ನಂತರ ಪ್ಲೇಯರ್ ಒಳಗಿನಿಂದಲೇ ಫೈಲುಗಳನ್ನು ತಡೆಯಿತು. ರಫಲ್ ಅನ್ನುವ ತಂತ್ರಾಂಶದಲ್ಲಿ ಹಳೆಯ ಫ್ಲ್ಯಾಶ್ ಫೈಲುಗಳು ಬಹಳಷ್ಟು ಸಲ ಓಡುತ್ತವೆ. ಇದೂ ಓಡಿತು, ಖಾಲಿಯಾಗಿ. ಸರ್ವರ್‌ನಲ್ಲಿದ್ದ ಸಾಲುಗಳು ಎಂದೋ ಹೋಗಿದ್ದವು.

ಹೊಸಬರಿಂದ ಹೊಸ ಸಾಲು ಬರೆಸೋಣ, ಕೃತಿ ಮತ್ತೆ ಜೀವ ಹಿಡಿಯುತ್ತದೆ ಅಂದೆ. ಕಲಾವಿದೆ ಒಪ್ಪಲಿಲ್ಲ. ಇದು 2003ರಲ್ಲಿ ಅಪರಿಚಿತರು ಇಂಟರ್‌ನೆಟ್ಟನ್ನು ನಂಬಿ ಬರೆದ ಸಾಲುಗಳ ಕೃತಿ, ಈಗಿನ ಜನ ಹಾಗೆ ಬರೆಯುವುದಿಲ್ಲ ಅಂದರು. ಕೆಲವು ಸ್ಕ್ರೀನ್‌ಶಾಟ್ ಮತ್ತು ಒಂದು ಪುಟದ ವಿವರಣೆ ಮಾತ್ರ ಇಟ್ಟು, ಕೃತಿ ಮುಗಿದಿದೆ ಅಂತ ದಾಖಲಿಸಿದರು. ನನಗೆ ಇದು ಈಗಲೂ ಒಪ್ಪಿಗೆಯಿಲ್ಲ. ಖಾಲಿ ಚೌಕಟ್ಟನ್ನಾದರೂ ಓಡುವ ಹಾಗೆ ಇಡಬಹುದಿತ್ತು. ಆದರೆ ತೀರ್ಮಾನ ಅವರದು. ಎಲ್ಲವನ್ನೂ ಉಳಿಸಲು ಹೊರಟಿದ್ದರೆ ಅನುದಾನದ ಹಣ ಮೊದಲ ಕೃತಿಗೇ ಸಾಲುತ್ತಿರಲಿಲ್ಲ ಅನ್ನೋದೂ ನಿಜ.

ಆಮೇಲೆ

2022ರಲ್ಲಿ ಮ್ಯೂಸಿಯಂ ಕೃತಿಯನ್ನು ಕೊಂಡಿತು. ಎರಡು ವರ್ಷದೊಳಗೆ ಬೇರೆ ಎರಡು ಕಡೆ ಎರವಲು ಹೋಯಿತು. ಒಂದು ಕಡೆ ಜೋಡಣೆ ಮಾಡುವವರು ಅಭ್ಯಾಸಬಲದಿಂದ ಎಲ್ಲವನ್ನೂ ಸಿಂಕ್ ಮಾಡಿದ್ದರು. ಸೂಚನೆಯ ಹಾಳೆ ಇದ್ದದ್ದರಿಂದ ಒಂದು ಇಮೇಲ್‌ನಲ್ಲಿ ಸರಿಹೋಯಿತು. ಹಾಳೆ ಇಲ್ಲದಿದ್ದರೆ ಅದು ಕಲಾವಿದೆಯ ನೆನಪಿಗೂ ಸಂಸ್ಥೆಯ ಸಮಯಕ್ಕೂ ನಡುವಿನ ಜಗಳವಾಗುತ್ತಿತ್ತು. ಅಂಥ ಜಗಳದಲ್ಲಿ ಕಲಾವಿದರು ಗೆಲ್ಲುವುದು ಅಪರೂಪ.

ಬಂದ ಹಣದಿಂದ ಖರ್ಚು ಕಳೆದರೆ ಉಳಿದದ್ದು ಜಾಸ್ತಿಯೇನಿಲ್ಲ. ಆದರೆ ಒಂದು ಮ್ಯೂಸಿಯಂ ಕೊಂಡ ಮೇಲೆ ಉಳಿದವರ ಮಾತಿನ ಧಾಟಿ ಬದಲಾಗುತ್ತದೆ. ಒಂದು ಮಧ್ಯಮ ಗಾತ್ರದ ಗ್ಯಾಲರಿಯಲ್ಲಿ ಮೂವತ್ತು ವರ್ಷದ ಕೆಲಸದ ಪ್ರದರ್ಶನ ನಿಗದಿಯಾಯಿತು. ಹೊಸ ಕೃತಿಗಳಿಗೆ ಈಗ ಪ್ರದರ್ಶನಕ್ಕೆ ಮೊದಲೇ ನಾಲ್ಕು ಕಾಗದ ಸಿದ್ಧವಾಗುತ್ತವೆ: ಯಾರು ಏನು ಮಾಡಿದರು, ಹಕ್ಕು ಯಾರದು, ಎಷ್ಟು ಪ್ರತಿ, ಏನು ಬದಲಾಗಬಾರದು. ನಾಲ್ಕನೆಯದನ್ನು ಬರೆಯುವಾಗ ಕೃತಿಯೇ ತಿದ್ದುಪಡಿಯಾದದ್ದೂ ಉಂಟು.

ಭಯಪಟ್ಟದ್ದೂ ನಡೆಯಿತು. ಸಂಗೀತಗಾರ ಇನ್ನೆರಡು ಕೃತಿಗಳಿಗೂ ಹೆಸರು ಕೇಳಿದರು. ಕಲಾವಿದೆ ಒಪ್ಪಲಿಲ್ಲ. ಆ ಎರಡರಲ್ಲಿ ಧ್ವನಿ ಚಿತ್ರಕ್ಕೆ ಜೊತೆಯಾಗಿ ಬಂದದ್ದು, ಚಿತ್ರದ ಲಯವನ್ನು ನಿರ್ಧರಿಸಿದ್ದಲ್ಲ ಅನ್ನೋದು ಅವರ ವಾದ. ಎರಡೂ ಡಬ್ಬ ಹುಡುಕಿದೆವು, ಈ ಸಲ ಯಾವ ಕಾಗದವೂ ಸಿಗಲಿಲ್ಲ. ಆ ಕೃತಿಗಳನ್ನು ಸದ್ಯಕ್ಕೆ ಯಾರಿಗೂ ಮಾರುವ ಹಾಗಿಲ್ಲ.

ಕೊನೆಯ ಒಂದು ವಿಷಯ ಮ್ಯೂಸಿಯಂ ಕಡೆಯಿಂದಲೇ ಬಂತು. ಕಾಪಿರೈಟ್ ಕಲಾವಿದರ ಮರಣಾನಂತರ 70 ವರ್ಷ ಇರುತ್ತದೆ. ಅಷ್ಟು ಕಾಲ ಪರದೆ ಬದಲಿಸುವ, ಫೈಲು ಬದಲಿಸುವ ಪ್ರಶ್ನೆ ಬರುತ್ತಲೇ ಇರುತ್ತದೆ. ಆಗ ಯಾರನ್ನು ಕೇಳಬೇಕು? ಕಲಾವಿದೆಗೆ ಮಕ್ಕಳಿಲ್ಲ. ತಮ್ಮನಿಗೆ ಇದರಲ್ಲಿ ಆಸಕ್ತಿ ಇಲ್ಲ. ಲಾಂಡ್ರಿ ಕೃತಿಯ ಮಟ್ಟಿಗೆ ಸಂಗೀತಗಾರನಿಗೂ ಹಿಂದಿನ ವಿದ್ಯಾರ್ಥಿನಿಯೊಬ್ಬರಿಗೂ ಜಂಟಿಯಾಗಿ ಅಧಿಕಾರ ಕೊಡುವ ಪತ್ರದ ಕರಡು ಈಗ ವಕೀಲರ ಬಳಿ ಇದೆ.